ಪಾಟ್‌ಲಕ್‌ಗೆ ಯಾವುದು, ಆರ್‌ವಿ ಪ್ರವಾಸಕ್ಕೆ ಯಾವುದು: ಹಂಚಿ ತಿನ್ನುವ ಮನೆ ಅಡುಗೆಯನ್ನು ಆರಿಸುವ ಬಗೆ

"ಅಕ್ಕಾ, ಶನಿವಾರ ಪಾರ್ಕಿನಲ್ಲಿ ಪಾಟ್‌ಲಕ್. ಅದರ ಮುಂದಿನ ವಾರ ಆರ್‌ವಿ ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನಿಗೆ ಹೊರಟಿದ್ದೀವಿ. ಎರಡಕ್ಕೂ ಬಿಸಿಬೇಳೆಭಾತ್ ಮಾಡಿಬಿಡ್ಲಾ?" ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬದ ಹುಡುಗಿಯೊಬ್ಬಳು ಮೊನ್ನೆ ಫೋನಿನಲ್ಲಿ ಕೇಳಿದಳು. ಪಾಟ್‌ಲಕ್ ಎಂದರೆ ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಕೂಟ, ಆರ್‌ವಿ ಎಂದರೆ ಒಲೆ, ಹಾಸಿಗೆ ಎಲ್ಲ ಇರುವ ಪುಟ್ಟ ಮನೆಯಂಥ ಗಾಡಿ, ಯೆಲ್ಲೋಸ್ಟೋನ್ ಇಲ್ಲಿಯ ಒಂದು ರಾಷ್ಟ್ರೀಯ ಉದ್ಯಾನ. ಬೇಸಿಗೆ ಬಂತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ಬರುತ್ತಲೇ ಇರುತ್ತದೆ. ಪುಳಿಯೋಗರೆಯೋ ಮೊಸರನ್ನವೋ, ಚಪಾತಿಯೋ ರೊಟ್ಟಿಯೋ, ಅಥವಾ ಇಲ್ಲಿಯವರ ಹಾಗೆ ಒಂದು ದೊಡ್ಡ ಪಾತ್ರೆ ಚಿಲಿ (ಕಾಳು, ಟೊಮೆಟೊ ಹಾಕಿ ಬೇಯಿಸಿದ ಖಾರದ ಗಟ್ಟಿ ಸಾರು) ಮಾಡಿಕೊಂಡು ಹೋಗಿಬಿಡೋಣವೋ ಎಂದು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಪಾಟ್‌ಲಕ್ ಅಡುಗೆಯೂ ಆರ್‌ವಿ ಅಡುಗೆಯೂ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ, ಎರಡೂ ಹೊರಗೆ ಕೂತು ನಾಲ್ಕು ಜನ ಹಂಚಿಕೊಂಡು ತಿನ್ನುವುದಕ್ಕೆ. ಆದರೆ ಕಷ್ಟಗಳು ಬೇರೆ ಬೇರೆ. ಪಾಟ್‌ಲಕ್‌ನಲ್ಲಿ ಮನೆಯ ದೊಡ್ಡ ಅಡುಗೆಮನೆ ನಿಮ್ಮ ಕೈಲಿದೆ, ಕಷ್ಟವಿರುವುದು ಮಾಡಿದ್ದು ಎಲೆಗೆ ಬೀಳುವ ತನಕ. ಆರ್‌ವಿಯಲ್ಲಿ ಒಲೆಯಿಂದ ತಟ್ಟೆಗೆ ಎರಡೇ ಹೆಜ್ಜೆ, ಕಷ್ಟವಿರುವುದು ನೀರು, ಕರೆಂಟು, ಹೊಗೆ ಮತ್ತು ಪಾತ್ರೆ ತೊಳೆಯುವುದರಲ್ಲಿ. ಆದ್ದರಿಂದ ಯಾವುದು ರುಚಿ ಎನ್ನುವುದರಿಂದ ಶುರು ಮಾಡಬೇಡಿ. ನಮ್ಮ ಅಡುಗೆಗಳಲ್ಲಿ ರುಚಿಗೆ ಕೊರತೆಯಿಲ್ಲ.

ಮೊದಲು ಅಳತೆಗೋಲು

ನಾನು ನೋಡುವ ಮೊದಲನೆಯದು ಹೊತ್ತು. ಒಲೆಯಿಂದ ಇಳಿಸಿದ ಮೇಲೆ ಕೊನೆಯವರು ಬಡಿಸಿಕೊಳ್ಳುವವರೆಗೆ ಎಷ್ಟು ಗಂಟೆ? ಅಮೆರಿಕದ ಕೃಷಿ ಇಲಾಖೆಯ ನಿಯಮ ಸರಳವಾಗಿದೆ. ಬೇಗ ಕೆಡುವ ಯಾವ ಅಡುಗೆಯೂ 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ (4ರಿಂದ 60 ಡಿಗ್ರಿ ಸೆಲ್ಸಿಯಸ್) ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ (32 ಡಿಗ್ರಿ ಸೆಲ್ಸಿಯಸ್) ದಾಟಿದ ಬಿಸಿಲಿದ್ದರೆ ಒಂದೇ ಗಂಟೆ. ನಾವು ಅನ್ನ ತಿನ್ನುವವರು ಇದನ್ನು ಇನ್ನೂ ಗಮನವಿಟ್ಟು ಪಾಲಿಸಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಅವು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅವು ಬೆಳೆದು ಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗ್ಗೆ ಎಂಟಕ್ಕೆ ಕಲಸಿ, ಮಧ್ಯಾಹ್ನ ಒಂದಕ್ಕೆ ಕಾರಿನ ಡಿಕ್ಕಿಯಿಂದ ತೆಗೆದ ಅನ್ನವನ್ನು ಮಕ್ಕಳಿಗೆ ಕೊಡಬೇಡಿ.

ಎರಡನೆಯದು ನೀರು. ನಾವು ಬಾಡಿಗೆಗೆ ತಂದಿದ್ದ ಗಾಡಿಯಲ್ಲಿ ಶುದ್ಧ ನೀರಿನ ಟ್ಯಾಂಕು ಸುಮಾರು 40 ಗ್ಯಾಲನ್, ಅಂದರೆ 150 ಲೀಟರಿನದು. ಆರು ಜನರ ಸ್ನಾನ, ಮುಖ ತೊಳೆಯುವುದು, ಪಾತ್ರೆ, ಎಲ್ಲ ಅದರಲ್ಲೇ. ತೊಳೆದ ನೀರು ಇನ್ನೊಂದು ಟ್ಯಾಂಕಿಗೆ ತುಂಬುತ್ತದೆ, ಅದು ತುಂಬಿದರೆ ಖಾಲಿ ಮಾಡುವ ಜಾಗ ಹುಡುಕಿಕೊಂಡು ಗಾಡಿ ಹೊರಡಿಸಬೇಕು. ಎಣ್ಣೆ ಜಿಡ್ಡಿನ ಬಾಣಲೆ, ತಳ ಹಿಡಿದ ಕುಕ್ಕರ್ ಇಲ್ಲಿ ನಿಜವಾದ ಖರ್ಚು.

ಮೂರನೆಯದು ಉರಿ ಮತ್ತು ಕರೆಂಟು. 30 ಆಂಪ್ ಸಂಪರ್ಕವಿರುವ ಜಾಗದಲ್ಲಿ 120 ವೋಲ್ಟಿಗೆ ಒಟ್ಟು 3,600 ವ್ಯಾಟ್ ಸಿಗುತ್ತದೆ. ಆರು ಕ್ವಾರ್ಟಿನ (ಸುಮಾರು ಐದೂವರೆ ಲೀಟರಿನ) ಇನ್‌ಸ್ಟಂಟ್ ಪಾಟ್, ಅಂದರೆ ಕರೆಂಟಿನ ಪ್ರೆಶರ್ ಕುಕ್ಕರ್, ಸಾವಿರ ವ್ಯಾಟ್ ಎಳೆಯುತ್ತದೆ. ಏಸಿ ಓಡುತ್ತಿರುವಾಗ ಅದನ್ನೂ ಮೈಕ್ರೋವೇವನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುವ ಸಾಧ್ಯತೆ ಹೆಚ್ಚು. ಸಂಪರ್ಕವಿಲ್ಲದ ಜಾಗದಲ್ಲಾದರೆ ಗ್ಯಾಸ್ ಒಲೆಯೊಂದೇ ಗತಿ, ಜನರೇಟರ್ ಹಾಕಲು ಕ್ಯಾಂಪಿನವರು ಗೊತ್ತುಮಾಡಿದ ಹೊತ್ತಿಗೆ ಕಾಯಬೇಕು.

ನಾಲ್ಕನೆಯದು ತಿನ್ನುವವರು ಯಾರು ಎಂಬುದು. ಕನ್ನಡ ಕೂಟದ ಪಾಟ್‌ಲಕ್ ಬೇರೆ, ಆಫೀಸಿನದು ಬೇರೆ, ಕ್ಯಾಂಪಿನಲ್ಲಿ ಪಕ್ಕದ ಗಾಡಿಯವರ ಜೊತೆ ಹಂಚಿಕೊಳ್ಳುವುದು ಇನ್ನೂ ಬೇರೆ. ಕಡಲೆಕಾಯಿ ಬೀಜದ ಅಲರ್ಜಿ ಇಲ್ಲಿ ಆಟದ ಮಾತಲ್ಲ. ಎಳ್ಳನ್ನೂ 2023ರ ಜನವರಿ 1ರಿಂದ ಅಮೆರಿಕದಲ್ಲಿ ಪ್ರಮುಖ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ, ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕು. ನಮ್ಮವರು ಮರೆಯುವುದು ಇಂಗನ್ನು. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಬಹುಪಾಲು ಗೋಧಿ ಹಿಟ್ಟು ಬೆರೆತಿರುತ್ತದೆ. "ಬರೀ ಅಕ್ಕಿ, ಬೇಳೆ, ಗೋಧಿ ಇಲ್ಲವೇ ಇಲ್ಲ" ಎಂದು ಗ್ಲೂಟನ್ (ಗೋಧಿಯಲ್ಲಿರುವ ಒಂದು ಪ್ರೋಟೀನ್) ಆಗದವರಿಗೆ ಬಡಿಸುವ ಮೊದಲು ಇಂಗಿನ ಡಬ್ಬಿ ತಿರುಗಿಸಿ ನೋಡಿ.

ಖರ್ಚು, ದುಡಿಮೆ ಕೊನೆಗೆ ಬರುತ್ತವೆ. ನಮ್ಮ ಅಡುಗೆಗಳಲ್ಲಿ ಹಣದ ವ್ಯತ್ಯಾಸ ಅಷ್ಟೇನಿಲ್ಲ, ಗೋಡಂಬಿ ತುಪ್ಪ ಎಷ್ಟು ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ದುಡಿಮೆಯ ವ್ಯತ್ಯಾಸ ಮಾತ್ರ ದೊಡ್ಡದು.

ಬಿಸಿಬೇಳೆಭಾತ್

ಹುಡುಗಿ ಕೇಳಿದ್ದು ಇದನ್ನೇ, ಹಾಗಾಗಿ ಇದರಿಂದಲೇ ಶುರು. ಮನೆಯಿಂದ ಅರ್ಧ ಗಂಟೆ ದೂರದ ಪಾಟ್‌ಲಕ್‌ಗೆ ಇದಕ್ಕೆ ಸಾಟಿಯಿಲ್ಲ. ಒಂದೇ ಪಾತ್ರೆಯಲ್ಲಿ ಅನ್ನ, ಬೇಳೆ, ತರಕಾರಿ ಎಲ್ಲ ಬಂತು, ಒಬ್ಬರು ಎರಡು ಸೌಟು ಹಾಕಿಕೊಂಡರೆ ಹೊಟ್ಟೆ ತುಂಬಿತು. ಸಡಿಲವಾಗಿರುವುದರಿಂದ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಸ್ಲೋ ಕುಕ್ಕರಿನಲ್ಲಿ 'ವಾರ್ಮ್' ಮೇಲಿಟ್ಟರೆ 140 ಡಿಗ್ರಿ ಫ್ಯಾರನ್‌ಹೀಟಿನ ಮೇಲೇ ಉಳಿಯುತ್ತದೆ. ಆದರೆ ಅಲ್ಲಿ ಪ್ಲಗ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಪಾರ್ಕಿನ ಎಲ್ಲ ಶೆಲ್ಟರುಗಳಲ್ಲೂ ಇರುವುದಿಲ್ಲ. ಮಾಡುವಾಗ ನಿಮ್ಮ ಮನೆಯ ಹದಕ್ಕಿಂತ ಒಂದೂವರೆ ಪಾಲು ನೀರಾಗಿಯೇ ಮಾಡಿ, ಕೂತಷ್ಟೂ ಅದು ಬಿಗಿಯುತ್ತದೆ. ಒಂದು ಫ್ಲಾಸ್ಕಿನಲ್ಲಿ ಕುದಿನೀರು ಒಯ್ದು ಅಲ್ಲಿ ಸಡಿಲ ಮಾಡಿಕೊಂಡರೆ ಇನ್ನೂ ಒಳ್ಳೆಯದು. ತುಪ್ಪ, ಬೂಂದಿ ಬೇರೆ ಡಬ್ಬಿಯಲ್ಲಿರಲಿ.

ಆರ್‌ವಿಗೆ? ನಾನು ಬೇಡ ಅನ್ನುತ್ತೇನೆ, ಅದರಲ್ಲೂ ಯೆಲ್ಲೋಸ್ಟೋನಿಗೆ. ಅಲ್ಲಿನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಸುಮಾರು 7,800 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬಹಳ ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ಕೂರುತ್ತದೆ. ಮೊದಲ ಸಲ ಬೆಟ್ಟದ ಮೇಲೆ ಕ್ಯಾಂಪ್ ಮಾಡಿದಾಗ ಒಂದೂವರೆ ಗಂಟೆ ಗ್ಯಾಸ್ ಉರಿಸಿ, ಕೊನೆಗೆ ಮಕ್ಕಳಿಗೆ ಬ್ರೆಡ್ ಕೊಟ್ಟು ಮಲಗಿಸಿದ್ದೆ. ಬೇಳೆ ಹಾಳಾಗಿತ್ತೋ ಎಂದುಕೊಂಡಿದ್ದೆ, ಕಾರಣ ಎತ್ತರ ಎಂದು ತಿಳಿದದ್ದು ಆಮೇಲೆ. ಪ್ರೆಶರ್ ಕುಕ್ಕರ್ ಇದ್ದರೆ ಬೇಯುತ್ತದೆ, ಒಂದೆರಡು ಕೂಗು ಹೆಚ್ಚು ಬೇಕು. ಆದರೆ ಆ ಕುಕ್ಕರಿನ ತಳ ತೊಳೆಯಲು ಹೋಗುವ ನೀರನ್ನೂ ಲೆಕ್ಕ ಹಾಕಿ. ತರಲೇಬೇಕೆಂದರೆ ಮನೆಯಲ್ಲೇ ಮಾಡಿ, ಚಪ್ಪಟೆ ಜಿಪ್ ಚೀಲಗಳಲ್ಲಿ ಗಟ್ಟಿಯಾಗಿ ಫ್ರೀಜ್ ಮಾಡಿ ತಂದು, ಮೊದಲ ರಾತ್ರಿಯೇ ಚೆನ್ನಾಗಿ ಹೊಗೆಯಾಡುವ ತನಕ ಕಾಯಿಸಿ ಮುಗಿಸಿಬಿಡಿ.

ಪುಳಿಯೋಗರೆ

ಮೇಲುಕೋಟೆಯ ಪುಳಿಯೋಗರೆ ಪ್ರಸಾದ ಕಟ್ಟಿಸಿಕೊಂಡು ಊರಿಗೆ ತಂದು ತಿಂದವರಿಗೆ ಇದು ಪಯಣದ ಅನ್ನ ಎಂದು ಹೇಳಬೇಕಿಲ್ಲ. ಹುಣಸೆಯ ಹುಳಿ, ಎಣ್ಣೆ, ಉಪ್ಪು ಮೂರೂ ಕೆಡುವುದನ್ನು ನಿಧಾನ ಮಾಡುತ್ತವೆ, ಅದಕ್ಕೇ ಅಜ್ಜಿಯಂದಿರು ರೈಲಿನ ಬುತ್ತಿಗೆ ಇದನ್ನೇ ಕಟ್ಟುತ್ತಿದ್ದರು. ಹಾಗೆಂದು ಎರಡು ಗಂಟೆಯ ನಿಯಮ ಇದಕ್ಕಿಲ್ಲ ಎಂದುಕೊಳ್ಳಬೇಡಿ. ಗೊಜ್ಜು ಅನ್ನದ ಹೊರಗೆ ಅಂಟಿರುತ್ತದೆ, ಒಳಗಿರುವುದು ಬರೀ ಅನ್ನ.

ಇದರ ನಿಜವಾದ ಬಲ ಗೊಜ್ಜಿನಲ್ಲಿದೆ. ಪಾಟ್‌ಲಕ್ಕಿಗೂ ಆರ್‌ವಿಗೂ ಒಂದೇ ಅಡುಗೆ ಬೇಕೆಂದು ಹಟ ಹಿಡಿದರೆ ನಾನು ಕೊಡುವ ಉತ್ತರ ಅದೊಂದೇ. ಒಂದು ಭಾನುವಾರ ಹುಣಸೆ ರಸ, ಬೆಲ್ಲ, ಉಪ್ಪು, ಪುಡಿ ಎಲ್ಲ ಹಾಕಿ ಎಣ್ಣೆ ಬಿಡುವ ತನಕ ಕಾಯಿಸಿಟ್ಟರೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತದೆ. ಬಿಡುವಿಲ್ಲದವರು ಅಂಗಡಿಯ ಪುಳಿಯೋಗರೆ ಪುಡಿ ತಂದರೂ ಏನೂ ತಪ್ಪಿಲ್ಲ, ಒಗ್ಗರಣೆ ಮಾತ್ರ ನಿಮ್ಮದಿರಲಿ. ಪಾಟ್‌ಲಕ್ಕಿನ ದಿನ ಹೊರಡುವ ಮುಂಚೆ ಬಿಸಿ ಅನ್ನಕ್ಕೆ ಕಲಸಿ. ಒಂದು ಕಪ್ ಅಕ್ಕಿಗೆ ಎರಡರಿಂದ ಮೂರು ದೊಡ್ಡ ಚಮಚ ಗೊಜ್ಜು ಹಿಡಿಯುತ್ತದೆ. ನಾಲ್ಕು ಕಪ್ ಅಕ್ಕಿ ಹಾಕಿದರೆ ಸುಮಾರು ಹನ್ನೆರಡು ಕಪ್ ಅನ್ನವಾಗಿ ಆಳದ ಹಾಫ್ ಟ್ರೇ ಒಂದು ತುಂಬುತ್ತದೆ. ಬೇರೆಯವರೂ ತಲೆಗೊಂದು ಅಡುಗೆ ತಂದಿರುವಾಗ ಅಷ್ಟು ಇಪ್ಪತ್ತು ಜನಕ್ಕೆ ಧಾರಾಳ.

ಆರ್‌ವಿಯಲ್ಲಾದರೆ ಗೊಜ್ಜಿನ ಸೀಸೆ ಫ್ರಿಜ್ಜಿನ ಬಾಗಿಲಲ್ಲಿ ಕೂತಿರುತ್ತದೆ, ಬೇಕಾದಾಗ ಅನ್ನ ಮಾಡಿ ಕಲಸುವುದಷ್ಟೇ. ಅಲ್ಲಿ ಒಗ್ಗರಣೆ ಹಾಕಬೇಡಿ. ಆ ಸಣ್ಣ ಗೂಡಿನೊಳಗೆ ಒಣಮೆಣಸಿನಕಾಯಿ ಸಿಡಿದರೆ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಬೇಕು, ಮೇಲಿನ ಹೊಗೆ ಅಲಾರಂ ಕೂಗುವುದಂತೂ ಖಂಡಿತ. ಮನೆಯಲ್ಲೇ ಸಾಸಿವೆ, ಕಡಲೆಬೇಳೆ, ಕರಿಬೇವು ಎಲ್ಲ ಗರಿಗರಿಯಾಗಿ ಹುರಿದು ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಕಡಲೆಕಾಯಿ ಬೀಜ ಬೇರೆಯೇ ಡಬ್ಬಿಯಲ್ಲಿರಲಿ, ಆಗದವರು ಇದ್ದರೆ ಅದನ್ನು ತೆಗೆಯುವುದೇ ಇಲ್ಲ. ಪುಡಿಯಲ್ಲಿ ಎಳ್ಳು ಇದ್ದೇ ಇರುತ್ತದೆ, ಅಡುಗೆಯ ಪಕ್ಕದಲ್ಲಿಡುವ ಚೀಟಿಯಲ್ಲಿ ಅದನ್ನು ಬರೆಯಲು ಮರೆಯಬೇಡಿ.

ಗೊಜ್ಜವಲಕ್ಕಿ

ನನ್ನ ಲೆಕ್ಕದಲ್ಲಿ ಆರ್‌ವಿ ಪ್ರವಾಸಕ್ಕೆ ಎಲ್ಲಕ್ಕಿಂತ ಮೇಲಿನದು ಇದು, ಆದರೂ ಕೇಳುವವರ ಪಟ್ಟಿಯಲ್ಲಿ ಇದರ ಹೆಸರು ಬರುವುದೇ ಅಪರೂಪ. ಅವಲಕ್ಕಿ ಆಗಲೇ ಬೆಂದ ಧಾನ್ಯ, ನೆನೆದರೆ ಸಾಕು. ಒಲೆ ಬೇಡ, ಕರೆಂಟು ಬೇಡ, ಎತ್ತರದ ಚಿಂತೆಯಿಲ್ಲ, ತೊಳೆಯಲು ಒಂದೇ ಪಾತ್ರೆ. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿ ಡಬ್ಬಿಗೆ ತುಂಬಿ. ಪುಳಿಯೋಗರೆ ಗೊಜ್ಜು ಇದ್ದರೆ ಅದನ್ನೇ ನೀರಿನಲ್ಲಿ ಕದಡಿಕೊಳ್ಳಿ. ಇಲ್ಲದಿದ್ದರೆ ಒಂದು ಕಪ್ ತರಿಗೆ ಸಣ್ಣ ನಿಂಬೆಹಣ್ಣಿನಷ್ಟು ಹುಣಸೆ ಕಿವುಚಿದ ಒಂದು ಕಪ್ ನೀರು, ಒಂದು ದೊಡ್ಡ ಚಮಚ ಬೆಲ್ಲ, ಒಂದೂವರೆ ಚಮಚ ಸಾರಿನ ಪುಡಿ, ಉಪ್ಪು. ಇಪ್ಪತ್ತು ನಿಮಿಷ ಮುಚ್ಚಿಟ್ಟು ಕೈಯಲ್ಲಿ ಉದುರಿಸಿ, ಒಯ್ದ ಒಗ್ಗರಣೆ ಮತ್ತು ಒಣಕೊಬ್ಬರಿ ಬೆರೆಸಿ. ಮಕ್ಕಳು ಕೆರೆಯಿಂದ ಒದ್ದೆಯಾಗಿ ಬಂದು "ಹಸಿವು" ಅನ್ನುವಷ್ಟರಲ್ಲಿ ತಟ್ಟೆಯಲ್ಲಿರುತ್ತದೆ.

ಪಾಟ್‌ಲಕ್ಕಿಗೂ ಒಯ್ಯಬಹುದು, ಆದರೆ ಅಲ್ಲಿ ಇದು ಸ್ವಲ್ಪ ಹಿಂದೆ ಬೀಳುತ್ತದೆ. ಹೊತ್ತಾದಂತೆ ಒಣಗಿ ಗಂಟಲಿಗೆ ಹತ್ತುತ್ತದೆ. ಪಕ್ಕದಲ್ಲಿ ಮೊಸರು ಬೇಕೇ ಬೇಕು. ಇಲ್ಲಿಯವರಿಗೆ ಹೊಸ ರುಚಿ, ಒಂದು ಚಮಚ ತಿಂದು ನೋಡುತ್ತಾರೆ, ಟ್ರೇ ಖಾಲಿಯಾಗುವುದಿಲ್ಲ.

ಖಡಕ್ ರೊಟ್ಟಿಯ ಬುತ್ತಿ

ನಾನು ಮೈಸೂರು ಕಡೆಯವಳು, ಇದನ್ನು ಕಲಿತದ್ದು ವಿಜಯಪುರದ ಗೆಳತಿಯಿಂದ. ಅವರ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು (ಬೆಳೆಗೆ ನೈವೇದ್ಯ ಎರಚಲು) ಹೋಗುವಾಗ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಅಕ್ಕಪಕ್ಕದ ಹೊಲದವರನ್ನೂ ಕರೆದು ಕೂಡಿ ಉಣ್ಣುತ್ತಾರೆ. ಪಾಟ್‌ಲಕ್ಕಿನ ಹೆಸರು ಕೇಳುವ ಮೊದಲೇ ನಮ್ಮ ನಾಡಿನಲ್ಲಿ ಹೊರಗೆ ಹಂಚಿ ಉಣ್ಣುವ ಪದ್ಧತಿ ಹೀಗೆ ಬೆಳೆದಿತ್ತು. ಆ ಬುತ್ತಿಯ ವಿವೇಕ ಆರ್‌ವಿಗೆ ಹೇಳಿ ಮಾಡಿಸಿದಂತಿದೆ. ಒಣಗಿಸಿದ ಜೋಳದ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ, ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಗರಿಗರಿಯಾಗಿರುತ್ತದೆ, ಫ್ರಿಜ್ಜಿನಲ್ಲಿ ಜಾಗ ಕೇಳುವುದಿಲ್ಲ. ಆರ್‌ವಿ ಫ್ರಿಜ್ ಸಣ್ಣದು, ತಣ್ಣಗಾಗಲು ನಿಧಾನ, ಬಿಸಿ ಪಾತ್ರೆ ಇಟ್ಟರೆ ಒಳಗಿನದೆಲ್ಲ ಬೆಚ್ಚಗಾಗುತ್ತದೆ. ಹಾಗಿರುವಾಗ ಫ್ರಿಜ್ ಬೇಡದ ಊಟಕ್ಕೆ ಬೆಲೆ ಹೆಚ್ಚು.

ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು, ಹಸಿ ಈರುಳ್ಳಿ, ಸೌತೆಕಾಯಿ. ಪೇಪರ್ ತಟ್ಟೆಯಲ್ಲಿ ತಿಂದರೆ ಒಂದು ಚಮಚವನ್ನೂ ತೊಳೆಯಬೇಕಿಲ್ಲ. ಗ್ಲೂಟನ್ ಆಗದವರಿಗೆ ಇದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ತೊಂದರೆಯೆಂದರೆ ಶೇಂಗಾ, ಮತ್ತೆ ಮನೆಯಲ್ಲಿ ತಟ್ಟಿ ಒಣಗಿಸುವ ಶ್ರಮ. ಊರಿಂದ ತಂದವರ ಹತ್ತಿರವೋ ಇಂಡಿಯನ್ ಅಂಗಡಿಯಲ್ಲೋ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಪಾಟ್‌ಲಕ್ಕಿನಲ್ಲಿ ಇದನ್ನು ಮುರಿದು, ಚಿಪ್ಸಿನ ಹಾಗೆ ಮೊಸರು-ಚಟ್ನಿಪುಡಿಯ ಜೊತೆಗಿಟ್ಟರೆ ಎಲ್ಲ ದೇಶದವರೂ ಅರ್ಥವಾಗಿ ತಿನ್ನುತ್ತಾರೆ.

ಚಪಾತಿ-ಪಲ್ಯ ಎಲ್ಲರಿಗೂ ಇಷ್ಟ, ಆದರೆ ಇಪ್ಪತ್ತು ಜನಕ್ಕೆ ನಲವತ್ತು ಚಪಾತಿ ಲಟ್ಟಿಸುವವರ ಬೆನ್ನು ಯಾರೂ ನೋಡುವುದಿಲ್ಲ. ಇಬ್ಬರು ಕೂತು ಮಾಡುವುದಾದರೆ ಸರಿ. ಇಡ್ಲಿಗೆ ಎಣ್ಣೆ-ಚಟ್ನಿಪುಡಿ ಸವರಿ ಒಯ್ಯಬಹುದು, ತೆಂಗಿನಕಾಯಿ ಚಟ್ನಿ ಮಾತ್ರ ಬಿಸಿಲಿಗೆ ಬೇಡವೇ ಬೇಡ. ಬಜ್ಜಿ, ಪೂರಿಯ ಆಸೆಯನ್ನು ಬಾಡಿಗೆ ಗಾಡಿಯೊಳಗೆ ತರಬೇಡಿ. ಕಾದ ಎಣ್ಣೆಯ ಅಪಾಯ ಒಂದು ಕಡೆ, ಸೀಟಿನ ಬಟ್ಟೆಗೆ ಹಿಡಿದ ವಾಸನೆಗೆ ಕ್ಲೀನಿಂಗ್ ಶುಲ್ಕ ಇನ್ನೊಂದು ಕಡೆ.

ಕೋಸಂಬರಿ ಮತ್ತು ಮೊಸರನ್ನ

ಆಫೀಸಿನ ಪಾಟ್‌ಲಕ್ಕಿಗೆ ಏನು ಒಯ್ಯಲಿ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಹೆಸರುಬೇಳೆ ಕೋಸಂಬರಿ. ಹಾಲಿಲ್ಲ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳಿಲ್ಲ, ಇಂಗು ಬಿಟ್ಟರೆ ಗೋಧಿಯೂ ಇಲ್ಲ, ಖಾರ ನಿಮ್ಮ ಕೈಯಲ್ಲಿ. ವೀಗನ್ (ಹಾಲು-ತುಪ್ಪವನ್ನೂ ಮುಟ್ಟದ) ಗೆಳೆಯರೂ ತಿನ್ನುತ್ತಾರೆ, ಖರ್ಚು ಎಲ್ಲಕ್ಕಿಂತ ಕಡಿಮೆ. ಕೆಡಿಸುವುದು ಉಪ್ಪು: ಮನೆಯಲ್ಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಅಲ್ಲಿಗೆ ಹೋಗುವಷ್ಟರಲ್ಲಿ ಸಾರಾಗಿರುತ್ತದೆ. ನೆನೆದ ಬೇಳೆಯ ನೀರು ಪೂರ್ತಿ ಬಸಿದು, ಸೌತೆಕಾಯಿ, ಕ್ಯಾರೆಟ್, ತೆಂಗಿನತುರಿ ಬೇರೆ ಬೇರೆ ಡಬ್ಬಿಯಲ್ಲಿ ಐಸ್ ಪೆಟ್ಟಿಗೆಯಲ್ಲಿಟ್ಟು, ಬಡಿಸುವ ಐದು ನಿಮಿಷ ಮೊದಲು ಉಪ್ಪು-ನಿಂಬೆರಸ ಹಾಕಿ. ಒಂದೇ ಕೊರತೆ, ಇದು ಪಕ್ಕದ ತಿನಿಸು, ಊಟವಾಗುವುದಿಲ್ಲ.

ಮೊಸರನ್ನವನ್ನು ಮಕ್ಕಳಿರುವ ಗುಂಪಿಗೆ ಯಾರಾದರೊಬ್ಬರು ತರಲೇಬೇಕು. ಆದರೆ ಇದು ಐಸಿನ ಮೇಲೆಯೇ ಇರಬೇಕಾದ ಅಡುಗೆ. ಹುಳಿಯಾಗದಿರಲೆಂದು ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸುವ ಹಳೆಯ ಉಪಾಯ ರುಚಿಯನ್ನು ಉಳಿಸುತ್ತದೆ, ಅನ್ನ ಕೆಡುವುದನ್ನು ತಡೆಯುವುದಿಲ್ಲ. ಹಿಂದಿನ ರಾತ್ರಿಯೇ ಮಾಡಿ, ಅಗಲವಾದ ತೆಳು ಪಾತ್ರೆಯಲ್ಲಿ ಹರಡಿ ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗಾಗಿಸಿ ಐಸ್ ಪೆಟ್ಟಿಗೆಗೆ ಹಾಕಿ. ಆರ್‌ವಿಯಲ್ಲಿ ಮೊದಲ ದಿನಕ್ಕೆ ಮಾತ್ರ.

ಇಲ್ಲಿಯ ಅಡುಗೆಗಳು

ರಾಜ್ಮಾ ಹಾಕಿದ ಸಸ್ಯಾಹಾರಿ ಚಿಲಿ ಬಿಸಿಬೇಳೆಭಾತಿನ ಇಲ್ಲಿಯ ತಂಗಿ ಇದ್ದ ಹಾಗೆ. ಒಂದೇ ಪಾತ್ರೆ, ಕೂತಷ್ಟೂ ರುಚಿ, ಅಕ್ಕಪಕ್ಕದ ಗಾಡಿಯವರಿಗೂ ಪರಿಚಿತ. ಡಬ್ಬಿಯಲ್ಲಿ ಬರುವ ಬೆಂದ ರಾಜ್ಮಾ, ಟೊಮೆಟೊ ತಂದರೆ ಅರ್ಧ ಗಂಟೆಯ ಕೆಲಸ, ಎತ್ತರದಲ್ಲೂ ಆಗುತ್ತದೆ. ಒಣ ರಾಜ್ಮಾವನ್ನು ಮಾತ್ರ ಯಾವತ್ತೂ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬೇಡಿ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಜೋರು ಕುದಿತಕ್ಕೇ ಹೋಗಬೇಕು, ಸ್ಲೋ ಕುಕ್ಕರಿನ ಕಾವು ಅದಕ್ಕೆ ಸಾಲದು, ಅರೆಬೆಂದ ಕಾಳು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಪಾಸ್ತಾ ಸಲಾಡ್ ಅಗ್ಗ, ತಣ್ಣಗೆ ತಿನ್ನಬಹುದು, ಆದರೆ ಪ್ರತಿ ಪಾಟ್‌ಲಕ್ಕಿನಲ್ಲೂ ಎರಡು ಬಂದೇ ಇರುತ್ತದೆ. ಆಲೂಗಡ್ಡೆ, ದಪ್ಪಮೆಣಸಿನಕಾಯಿ, ಪನೀರ್‌ಗೆ ಸಾಂಬಾರ್ ಪುಡಿ-ಎಣ್ಣೆ ಸವರಿ ಫಾಯಿಲ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಕೆಂಡದ ಮೇಲಿಡುವುದು ಮಾತ್ರ ಕ್ಯಾಂಪಿಗೆ ಬಹಳ ಚೆನ್ನ. ತೊಳೆಯುವುದು ಏನೂ ಇಲ್ಲ, ಯಾರಿಗೆ ಏನು ಆಗದೋ ಅವರವರ ಪೊಟ್ಟಣದಲ್ಲಿ ಅದನ್ನು ಬಿಟ್ಟರಾಯಿತು.

ನಿಮ್ಮ ಸ್ಥಿತಿಗೆ ಯಾವುದು

ಮನೆಯಿಂದ ಒಂದು ಗಂಟೆಯೊಳಗೆ, ಪ್ಲಗ್ ಇರುವ ಜಾಗ, ಕನ್ನಡದವರೇ ಹೆಚ್ಚು: ಬಿಸಿಬೇಳೆಭಾತ್. ಪ್ಲಗ್ ಇಲ್ಲ, ಬೇಗ ಊಟವಾಗುತ್ತದೆ ಅನ್ನುವುದಾದರೆ ಕೊನೆಯ ಗಳಿಗೆಯಲ್ಲಿ ಕಲಸಿದ ಪುಳಿಯೋಗರೆ. ಊಟ ಯಾವಾಗ ಶುರುವಾಗುತ್ತದೋ ಗೊತ್ತಿಲ್ಲದ, ಬಿಸಿಲಿನ ದೊಡ್ಡ ಪಿಕ್ನಿಕ್ಕಿಗೆ ಅನ್ನವನ್ನೇ ಬಿಟ್ಟು ಖಡಕ್ ರೊಟ್ಟಿ ಅಥವಾ ಐಸ್ ಪೆಟ್ಟಿಗೆಯ ಕೋಸಂಬರಿ. ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿಗಳಿಗೂ ಕೋಸಂಬರಿಯೇ. ಆರ್‌ವಿಯಲ್ಲಿ ಮೂರು ದಿನ ಅಂದರೆ ನಾನು ಹೀಗೆ ಜೋಡಿಸುತ್ತೇನೆ: ಮೊದಲ ರಾತ್ರಿ ಮನೆಯಿಂದ ತಂದ ಫ್ರೀಜ್ ಮಾಡಿದ ಅಡುಗೆ, ಹಗಲಿಗೆ ಗೊಜ್ಜವಲಕ್ಕಿ ಮತ್ತು ರೊಟ್ಟಿ, ಎರಡನೇ ಸಂಜೆ ಕೆಂಡದ ಪೊಟ್ಟಣ, ಕೊನೆಯ ದಿನ ಉಳಿದ ಗೊಜ್ಜಿಗೆ ಬಿಸಿ ಅನ್ನ. ಗಾಡಿಯ ಫ್ರಿಜ್ಜನ್ನು ಹೊರಡುವ ಹಿಂದಿನ ಸಂಜೆಯೇ ಹಾಕಿಟ್ಟಿರಿ.

ಅಡುಗೆಯೇ ಬಾರದವರು, ಹೊಸದಾಗಿ ಸಂಸಾರ ಹೂಡಿದವರು ಸಂಕೋಚದಿಂದ ಪಾಟ್‌ಲಕ್ ತಪ್ಪಿಸಿಕೊಳ್ಳುವುದನ್ನು ನೋಡಿ ಬೇಸರವಾಗುತ್ತದೆ. ಒಂದು ಚೀಲ ಮುಸುಕಿನ ಜೋಳ, ನಾಲ್ಕು ನಿಂಬೆಹಣ್ಣು, ಉಪ್ಪು-ಖಾರದ ಪುಡಿ ತನ್ನಿ. ಕ್ಯಾಂಪಿನ ಕಂಬಿ ಒಲೆಯ ಮೇಲೆ ಸುಟ್ಟು ನಿಂಬೆ ಹೋಳಿನಿಂದ ಉಜ್ಜಿ ಕೊಟ್ಟರೆ ಸಾಲು ನಿಲ್ಲುತ್ತದೆ. ಅಥವಾ ಎರಡು ಚೀಲ ಐಸ್ ತನ್ನಿ, ಮೊಸರನ್ನ ತಂದವರು ನಿಮ್ಮನ್ನು ಹರಸುತ್ತಾರೆ.

ಯೆಲ್ಲೋಸ್ಟೋನಿಗೆ ಹೊರಟ ಹುಡುಗಿ ಕೊನೆಗೆ ಶನಿವಾರಕ್ಕೆ ಬಿಸಿಬೇಳೆಭಾತ್ ಮಾಡಿದಳು, ಗಾಡಿಗೆ ಗೊಜ್ಜಿನ ಸೀಸೆ ಕಟ್ಟಿಕೊಂಡಳು. ಅವಳಿಗೆ ಇನ್ನೊಂದು ಮಾತು ಹೇಳಿ ಕಳಿಸಿದೆ: ಅಲ್ಲಿ ಕರಡಿಗಳಿವೆ, ಫಿಶಿಂಗ್ ಬ್ರಿಡ್ಜಿನಲ್ಲಿ ಟೆಂಟಿಗೆ ಅವಕಾಶವಿಲ್ಲದೆ ಗಟ್ಟಿ ಗೋಡೆಯ ಗಾಡಿಗಳನ್ನಷ್ಟೇ ಬಿಡುವುದೂ ಅದಕ್ಕೇ. ಊಟ ಮುಗಿದ ಕೂಡಲೇ ಮೇಜಿನ ಮೇಲಿನ ಚಟ್ನಿಪುಡಿಯ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಒಳಗೆ ತಗೊಂಡು ಬಾಗಿಲು ಹಾಕಿಕೋ.